ಆನೆಗೆ ಬಾಗಿಲು ತೆಗೆದವನು

ಸುಟ್ಟ ವಾಸನೆ ಬಂದಾಗ ಪಕ್ಕದ ಬೀಗ ರಿಪೇರಿ ಗೂಡಂಗಡಿಯಿಂದ ಓಡಿಬಂದು ಇಸ್ತ್ರಿ ಪೆಟ್ಟಿಗೆ ಎತ್ತಿದವನು ಬೀಗದಣ್ಣ. ಅಷ್ಟರಲ್ಲಿ ಕರಿ ಕೋಟಿನ ತೋಳಿನ ಮೇಲೆ ಅಂಗೈಯಗಲ ಕಲೆ ಆಗಿಹೋಗಿತ್ತು. ಇಸ್ತ್ರಿ ಅಕ್ಕ ಅದನ್ನು ನೋಡಲೇ ಇಲ್ಲ. ಠಾಣೆಯಿಂದ ಮಾತಾಡಿದವರು ಫೋನ್ ಇಟ್ಟಿದ್ದರೂ ಈಕೆ ಕಿವಿಗೆ ಒತ್ತಿಕೊಂಡೇ ನಿಂತಿದ್ದಳು.

ಆಕೆಯ ಗಂಡ ಟಿವಿ ಅಂಗಡಿಯ ಕಾವಲುಗಾರ. ಗೋದಾಮಿನಿಂದ ಎರಡು ಟಿವಿ ಕಾಣೆಯಾಗಿದ್ದವು. ಬೆಳಿಗ್ಗೆ ಅವನನ್ನು ಠಾಣೆಗೆ ಕರೆಸಿಕೊಂಡಿದ್ದರು. ತಾನೇ ಸಾಗಿಸಿದೆ ಎಂಬ ಕಾಗದಕ್ಕೆ ಸಹಿ ಹಾಕಿದರೆ ಸಂಜೆಗೆ ಬಿಡುತ್ತಾರಂತೆ.

"ಹಾಕಿಬಿಡ್ಲಿ ಅಣ್ಣ. ಮನೆಗೆ ಬಂದ್ರೆ ಸಾಕು."

"ಬರಲ್ಲ ತಂಗಿ. ನಾನು ಬಂದ್ನಾ?"

ಬೀಗದಣ್ಣ ಜೈಲಿಗೆ ಹೋಗಿಬಂದವನೆಂದು ಬೀದಿಗೆಲ್ಲ ಗೊತ್ತಿತ್ತು. ಹೇಗೆ ಹೊರಗೆ ಬಂದ ಎಂದು ಯಾರೂ ಕೇಳಿರಲಿಲ್ಲ. ಉಚಿತ ಕಾನೂನು ನೆರವಿನ ವಕೀಲರ ಹತ್ತಿರ ಹೋಗೋಣ ಎಂದು ಅವನು ಅಂದಾಗ ಇಸ್ತ್ರಿ ಅಕ್ಕ ಮುಖ ಕಿವುಚಿದಳು. ಬಿಟ್ಟಿ ವಕೀಲರು ನಮ್ಮಂಥವರಿಗಾಗಿ ಗಂಟಲು ಹರಿದುಕೊಳ್ಳುತ್ತಾರಾ ಎಂದು ಕೇಳಿದಳು.

"ಆರು ವರ್ಷದಿಂದ ತೀಡ್ತಿದ್ದೀಯಲ್ಲ ಈ ಕೋಟು, ಯಾರದ್ದು ಅನ್ಕೊಂಡೆ?"

"ಯಾರೋ ದೊಡ್ಡೋರ ವಕೀಲಮ್ಮಂದು."

"ನಮ್ಮ ಬಿಟ್ಟಿ ವಕೀಲಮ್ಮಂದೇ. ಇವತ್ತು ನಿವೃತ್ತಿ. ಸುಟ್ಟಿರೋದನ್ನ ಮಡಚಿ ತಗೋ, ನಡಿ."

ದಾರಿಯುದ್ದಕ್ಕೂ ಅವನು ತನ್ನ ಕಥೆ ಹೇಳಿದ. ಒಂದು ಮನೆಯಲ್ಲಿ ಬೀಗ ಒಡೆಯದೆ ಕಳವಾಗಿತ್ತು. ಬೀಗ ಒಡೆಯದೆ ತೆಗೆಯಬಲ್ಲವನು ಬೀದಿಗೆ ಅವನೊಬ್ಬನೇ. ಠಾಣೆಯಲ್ಲಿ ಸಾಹೇಬರು ದೂರು ಓದುತ್ತ ಹೋದರು. ದೊಡ್ಡವರು ಮಾತಾಡುವಾಗ ಸುಮ್ಮನಿದ್ದರೆ ಮರ್ಯಾದೆಯಲ್ಲ ಎಂದು ಇವನು ಸಾಲಿಗೊಂದು 'ಹೂಂ' ಅನ್ನುತ್ತ ಹೋದ. ಕೇಳಿಸುತ್ತಿದೆ ಎಂಬ ಆ ಹೂಂ ಕಾಗದದಲ್ಲಿ 'ಒಪ್ಪಿಕೊಂಡಿದ್ದಾನೆ' ಎಂದಾಯಿತು. ಓದದೆ ಸಹಿಯನ್ನೂ ಹಾಕಿದ. ಬಿಟ್ಟಿ ವಕೀಲರು ಬೇಡ ಎಂದು ಹಟ ಹಿಡಿದು ನಾಲ್ಕು ತಿಂಗಳು ಒಳಗಿದ್ದ. ಕೊನೆಗೆ ಈ ಕೋಟಿನವರೇ ಜೈಲಿಗೆ ಬಂದು ಎದುರು ಕೂತು, ಮಾತು ಮುಗಿಯುವತನಕ ಕೇಳಿಸಿಕೊಂಡರು.

ಕೋರ್ಟಿನಲ್ಲಿ ಅವರು ಜಡ್ಜ್ ಅಪ್ಪಣೆ ಪಡೆದು ಇವನ ಕಡೆ ತಿರುಗಿದರಂತೆ.

"ನಿನ್ನೆ ನಮ್ಮನೆ ತಾರಸಿ ಮೇಲೆ ಆನೆ ಕೂತಿತ್ತು."

"ಹೂಂ."

"ಬಟ್ಟೆ ಒಣಗಿಸ್ತಿತ್ತು."

"ಹೂಂ."

"ಅದಕ್ಕೆ ಬಾಗಿಲು ತೆಗೆದಿದ್ದು ನೀವೇ."

"ಹೂಂ... ಅಯ್ಯೋ, ಇಲ್ಲ ಮೇಡಂ."

ಜಡ್ಜ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ವಕೀಲಮ್ಮ ಸಾಕ್ಷಿಗಳನ್ನು ಒಂದೊಂದಾಗಿ ಕೆದಕಿದರು. ಕಳವಾದ ದಿನ ಬೀಗದಣ್ಣ ಆಸ್ಪತ್ರೆಯಲ್ಲಿದ್ದ ಚೀಟಿಯನ್ನೂ ಹುಡುಕಿ ತಂದಿದ್ದರು. ಅವನು ಬಿಡುಗಡೆಯಾದ.

ಕಾನೂನು ನೆರವಿನ ಕೋಣೆ ಕೋರ್ಟಿನ ಮೆಟ್ಟಿಲ ಹಿಂದೆ, ಕುಡಿಯುವ ನೀರಿನ ನಲ್ಲಿ ಪಕ್ಕದಲ್ಲಿತ್ತು. ಇವತ್ತು ಒಳಗೆ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಕಂಡಕ್ಟರ್, ಒಬ್ಬ ಅಡುಗೆಯವಳು, ಬಣ್ಣ ಬಳಿಯುವ ಅಣ್ಣತಮ್ಮಂದಿರು. ಎಲ್ಲರೂ ವಕೀಲಮ್ಮನ ವಾದದಿಂದ ಮನೆ ಸೇರಿದವರು. ಭಾಷಣ ಮಾಡಲು ಯಾರಿಗೂ ಬರಲಿಲ್ಲ. ಅಡುಗೆಯವಳು ವಕೀಲಮ್ಮನ ಕೈ ಹಿಡಿದುಕೊಂಡು ಬಿಡದೆ ನಿಂತಿದ್ದಳು.

ವಕೀಲಮ್ಮ ಕೋಟಿನ ಕಲೆ ನೋಡಿ ನಕ್ಕರು. ಮೂವತ್ತೊಂದು ವರ್ಷದಲ್ಲಿ ಇದಕ್ಕೆ ಬಿದ್ದ ಮೊದಲ ಕಲೆ ಎಂದರು. ಇಸ್ತ್ರಿ ಅಕ್ಕ ಗಂಡನ ವಿಷಯ ಹೇಳಿದಾಗ ಅವರ ನಗು ನಿಂತಿತು. ಮೇಜಿನ ಎದುರಿದ್ದ ಯುವ ವಕೀಲೆಗೆ ಠಾಣೆಗೆ ಹೊರಡಲು ಹೇಳಿದರು. ಇಸ್ತ್ರಿ ಅಕ್ಕ ಅನುಮಾನದಿಂದ ಆ ಹುಡುಗಿಯನ್ನು ನೋಡಿದಳು.

"ನೀವೇ ಹೋದ್ರೆ ಇನ್ನು ನಮಗ್ಯಾರು ಮೇಡಂ?"

ವಕೀಲಮ್ಮ ಕೋಣೆಯ ಬೀಗದ ಕೈಯನ್ನು ಹುಡುಗಿಯ ಅಂಗೈಯಲ್ಲಿಟ್ಟರು.

"ನಾನು ಹೋಗ್ತೀನಮ್ಮ. ಈ ಕೋಣೆ ಎಲ್ಲಿಗೂ ಹೋಗಲ್ಲ."

ನಂತರ ಕರೆ ಬಂದ ನಂಬರಿಗೇ ಫೋನ್ ಮಾಡಿಸಿ, ತಾವು ಯಾರೆಂದು ಹೇಳಿ, ಕಾವಲುಗಾರನನ್ನು ಫೋನಿಗೆ ಕರೆಸಿಕೊಂಡರು. ವಕೀಲರು ಹೊರಟಿದ್ದಾರೆ, ಅವರು ಬರುವತನಕ ಸಹಿ ಹಾಕಬೇಡಿ, ಯಾವ ಮಾತಿಗೂ ಹೂಂ ಅನ್ನಬೇಡಿ ಎಂದರು.

"ಹೂಂ," ಅಂದ ಅವನು.

ಕೋಣೆಯವರೆಲ್ಲ ನಕ್ಕರು. ಇಸ್ತ್ರಿ ಅಕ್ಕನಿಗೂ ಅಳುವಿನ ನಡುವೆಯೇ ನಗು ಬಂತು. ಕೋಟನ್ನು ವಕೀಲಮ್ಮನ ತೋಳಿಗೆ ಅವಳೇ ತೊಡಿಸಿದಳು. ಮೇಡಂ, ನಿಮ್ಮ ಹುಡುಗಿಯ ಕೋಟನ್ನೂ ಇನ್ನು ನಾನೇ ತೀಡುತ್ತೇನೆ ಎಂದಳು.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ಫೋನ್ ನಿಮಗೂ ಬರಬಹುದು. ನಿಮ್ಮ ಕೋರ್ಟಿನಲ್ಲಿ ಆ ಕೋಣೆ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ವಕೀಲರು ಬೇಕು ಎಂದು ಬಾಯಿಬಿಟ್ಟು ಕೇಳಿ, ಅದು ನಿಮ್ಮ ಹಕ್ಕು. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ.

ಆ ಹೊತ್ತಿಗೆ ಠಾಣೆಯಲ್ಲಿ ಸಾಹೇಬರು ಕಾಗದವನ್ನು ಕಾವಲುಗಾರನ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ಮುಂದಿಟ್ಟಿದ್ದರು. ಒಂದು ಸಹಿ, ಸಂಜೆಗೆ ಮನೆ ಎಂದರು. ಕಾವಲುಗಾರನ ನಾಲಿಗೆಯ ತುದಿಗೆ ಹೂಂ ಬಂದು ನಿಂತಿತ್ತು. ಅದನ್ನು ನುಂಗಿ, ಪೆನ್ನನ್ನು ಹಿಂದಕ್ಕೆ ತಳ್ಳಿದ.

"ಹಾಕಲ್ಲ."