ಗೋಡೆಗೆ ಮಣ್ಣಿನ ಬಣ್ಣ

ನನ್ನ ಗಂಡನನ್ನು ಪೇಟೆಯಲ್ಲಿ ಎಲ್ಲರೂ ಬಣ್ಣದ ಡಾಕ್ಟರು ಅಂತಲೇ ಕರೆಯುವುದು. ಬಣ್ಣದಂಗಡಿಯಲ್ಲಿ ಬಣ್ಣ ಕಲಸುವುದು ಅವರ ಕೆಲಸ. ಯಾರಾದರೂ ಒಡೆದ ಹೆಂಚಿನ ಚೂರೋ, ಮಾಸಿದ ಪರದೆಯ ತುಂಡೋ ತಂದು ಇದೇ ಬಣ್ಣ ಬೇಕು ಅಂದರೆ, ಬೆಳಕಿಗೆ ಹಿಡಿದು ಒಮ್ಮೆ ನೋಡಿ, ಬಿಳಿ ಬಣ್ಣಕ್ಕೆ ಅದಿಷ್ಟು ಇದಿಷ್ಟು ಹನಿಸಿ ಕಲಸಿ, ಅದೇ ಬಣ್ಣ ಮುಂದಿಡುತ್ತಾರೆ. ಅಂಗಡಿಗೆ ಯಂತ್ರ ಬಂದ ಮೇಲೂ ಸಾಹುಕಾರರು ಇವರನ್ನು ಬಿಡಲಿಲ್ಲ. "ಯಂತ್ರಕ್ಕೆ ನಂಬರು ಗೊತ್ತು, ಇವನಿಗೆ ಬಣ್ಣ ಗೊತ್ತು" ಅಂತ ಗಿರಾಕಿಗಳ ಮುಂದೆ ಮೆರೆಯುತ್ತಾರೆ. ನಮ್ಮ ಮನೆ ನಡೆಯುವುದು ಆ ಎರಡು ಕಣ್ಣಿನಿಂದ.

ಇಂಥವರ ಮನೆಯ ಹೊರಗೋಡೆ ಮಾತ್ರ ಕಟ್ಟಿದಾಗಿನಿಂದ ಬೋಳು ಸಿಮೆಂಟು. ಕೇಳಿದಾಗಲೆಲ್ಲ "ಹೊರಗಿನ ಬಣ್ಣ ಅವಸರದಲ್ಲಿ ಆರಿಸಬಾರದು ಕಣೆ" ಅನ್ನುವರು. ಮಗಳು ಹುಟ್ಟಿ, ಕಾಲೇಜಿನ ಮೆಟ್ಟಿಲು ಹತ್ತಿದಳು. ಈ ಮಹಾಶಯರ ಆಯ್ಕೆ ಮುಗಿಯಲಿಲ್ಲ. ಹೋದ ವರ್ಷ ಕ್ಷಯ ಬಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಕಡ್ಡಿಯಾಗಿ, ಅಂತೂ ಎದ್ದು ಕೂತರು. ಎದ್ದವರೇ ತಾವಾಗಿ "ಈ ಸಲ ಮನೆಗೆ ಬಣ್ಣ ಹೊಡೆದೇ ಬಿಡೋಣ" ಅಂದರು. ಮನುಷ್ಯನಿಗೆ ಸಾವು ಹತ್ತಿರದಿಂದ ಕಂಡರೆ ಬುದ್ಧಿ ಬರುತ್ತದೇನೋ ಅಂದುಕೊಂಡೆ.

ನನಗೆ ಬೇಕಿದ್ದದ್ದು ಬೆಚ್ಚಗಿನ ಮಣ್ಣಿನ ಬಣ್ಣ. ಇವರು ಬಾಗಿಲ ಪಕ್ಕದ ಗೋಡೆಗೆ ಅಂಗೈಯಗಲದ ನಾಲ್ಕು ಮಾದರಿ ಬಳಿದರು: ಇಟ್ಟಿಗೆ ಕೆಂಪು, ಮರಳು, ಕಂದು, ಸುಟ್ಟ ಮಡಕೆ. ಅಂಗಡಿಯ ಯಂತ್ರದಲ್ಲೇ ಮಾಡಿಸಿ ತಂದಿದ್ದರು. ಬೆಳಿಗ್ಗೆ ಒಮ್ಮೆ, ಉರಿಬಿಸಿಲಲ್ಲಿ ಒಮ್ಮೆ, ಸಂಜೆ ಒಮ್ಮೆ ನೋಡಿ ಆಮೇಲೆ ಹೇಳಬೇಕೆಂಬುದು ಅವರ ಕಾನೂನು. ಮಗಳು ಮರಳಿನ ಬಣ್ಣ ಅಂದಳು. ನಾನು ಮಡಕೆಯ ಬಣ್ಣ ಅಂದೆ. ತಾಯಿಮಗಳು ಜಗಳಕ್ಕೇ ನಿಂತೆವು. ಬೇರೆಯವರ ಮನೆಯ ಬಣ್ಣಕ್ಕೆ ಗಂಟೆಗಟ್ಟಲೆ ತಲೆ ತಿನ್ನುವ ಈ ಮನುಷ್ಯ "ನಿಮಗೆ ಯಾವುದು ಇಷ್ಟವೋ ಅದು" ಅಂದು ಒಳಗೆ ಹೋಗಿಬಿಟ್ಟರು. ಸ್ವಂತ ಮನೆ ಅಂದರೆ ಇಷ್ಟೇ ತಾತ್ಸಾರ!

ಕೊನೆಗೆ ಮಡಕೆಯ ಬಣ್ಣವೇ ಗೆದ್ದಿತು. ಭಾನುವಾರ ನಾನೂ ಮಗಳೂ ತಂಗಿಯ ಮನೆಗೆ ಹೋಗಿದ್ದೆವು. "ನೀವು ಬರೋದರೊಳಗೆ ಒಂದು ಗೋಡೆ ಮುಗಿಸಿರ್ತೀನಿ. ಯಂತ್ರದ್ದಲ್ಲ, ನನ್ನ ಕೈಯಿಂದಲೇ ಕಲಸ್ತೀನಿ" ಅಂದಿದ್ದರು. ತಿರುಗಿ ಬಂದಾಗ ಬಾಗಿಲ ಎಡಗಡೆಯ ಗೋಡೆ ಪೂರ್ತಿ ಬಳಿದಾಗಿತ್ತು. ಹಸಿರು. ಎಲೆಯ ಹಸಿರೂ ಅಲ್ಲ. ನೀರಿನ ತೊಟ್ಟಿಯೊಳಗೆ ಕಟ್ಟುವ ಪಾಚಿಯ ಹಸಿರು.

ಇವರು ಕೈಯಲ್ಲಿ ಬ್ರಷ್ ಹಿಡಿದು, ಮೂಗಿನ ಮೇಲೂ ಬಣ್ಣ ಮಾಡಿಕೊಂಡು ನಿಂತಿದ್ದರು.

"ಹೇಗಿದೆ? ಹೊಸ ಮಡಕೆ ತಂದಿಟ್ಟ ಹಾಗಿಲ್ವಾ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಮುಖ ನೋಡಿದೆ. ತಮಾಷೆಯ ಸುಳಿವೇ ಇರಲಿಲ್ಲ. ಭೇಷ್ ಅನ್ನಲಿ ಅಂತ ಕಾಯುತ್ತಿದ್ದರು, ಅಷ್ಟೇ. "ಅಪ್ಪಾ, ಇದು..." ಅಂತ ಮಗಳು ಬಾಯಿ ತೆರೆದಳು, ಅವಳ ಕೈಯನ್ನು ಜೋರಾಗಿ ಚಿವುಟಿದೆ.

"ತುಂಬಾ ಚೆನ್ನಾಗಿದೆ ರೀ" ಅಂದೆ.

ಎದುರುಮನೆ ಅಕ್ಕ ಗೇಟಿನಿಂದಲೇ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ನೋಡು, ಹೊಟ್ಟೆಕಿಚ್ಚು ಅವಳಿಗೆ" ಅಂದರು ಇವರು. ರಾತ್ರಿ ಊಟವಾದ ಮೇಲೆ ಮೆಲ್ಲಗೆ ಹೇಳೋಣ, ಒಂದೊಂದೇ ಮಾತು ಅಳೆದು ಹೇಳೋಣ ಅಂದುಕೊಂಡೆ. ಆದರೆ ಅಷ್ಟರಲ್ಲೇ ಸಾಹುಕಾರರ ಸ್ಕೂಟರು ಬಂದು ನಿಂತಿತು.

"ಡಾಕ್ಟ್ರ ಮನೆಗೇ ಬಣ್ಣ ಅಂತೆ, ನೋಡದೆ ಇರೋಕಾಗುತ್ತಾ?" ಅನ್ನುತ್ತಾ ಒಳಬಂದವರು ಗೋಡೆ ನೋಡಿ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೇನಯ್ಯಾ ಇದು? ಹೋದ ವಾರ ವಕೀಲರ ಮನೆಗೆ ಕಳಿಸಿದ ಬಣ್ಣವೂ ವಾಪಸ್ ಬಂತು. ನಾನು ಏನೋ ಒಂದ್ಸಲ ತಪ್ಪಿರಬೇಕು ಅಂದ್ಕೊಂಡೆ..."

ಅವರ ಕಣ್ಣು ಗೋಡೆಯಿಂದ ಇವರ ಮುಖಕ್ಕೆ, ಮುಖದಿಂದ ಗೋಡೆಗೆ ಹೋಗಿ ಬರುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲ ಮುಗಿಯಿತು ಅನ್ನಿಸಿತು. ನನ್ನ ಬಾಯಿ ನನಗಿಂತ ಮುಂದೆ ಓಡಿತು.

"ಅವರನ್ನೇನೂ ಅನ್ನಬೇಡಿ ಸಾರ್. ಈ ಹಸಿರು ನನ್ನ ಹಟ. ಮಣ್ಣಿನ ಬಣ್ಣ ಹಾಕೋಣ ಅಂತ ಅವರು ಬಡ್ಕೊಂಡ್ರು. ನಾನೇ ಹಸಿರು ಬೇಕೇ ಬೇಕು ಅಂತ ಕೂತೆ."

ಹೇಳಿ ಮುಗಿಸಿದ ಮೇಲೆ ನನಗೆ ನಾನು ಹೇಳಿದ್ದು ಏನೆಂದು ಕೇಳಿಸಿತು.

ಇವರು ನನ್ನ ಕಡೆ ತಿರುಗಲಿಲ್ಲ. ಗೋಡೆಯನ್ನೇ ನೋಡಿದರು, ಬಹಳ ಹೊತ್ತು. ಆಮೇಲೆ ನಕ್ಕರು.

"ಹೌದು ಸಾರ್. ಹಸಿರು ಬೇಡ ಕಣೆ ಅಂತ ಎಷ್ಟು ಹೇಳಿದೆ. ಕೇಳಬೇಕಲ್ಲ ಇವಳು."

ದನಿ ಗಟ್ಟಿಯಾಗಿಯೇ ಇತ್ತು. ಸಾಹುಕಾರರು ನಿರಾಳವಾಗಿ ನಕ್ಕರು. "ಹೆಂಡ್ತಿ ಮುಂದೆ ಡಾಕ್ಟ್ರ ಆಟ ನಡೆಯಲ್ಲ ಅನ್ನು! ಗುರುವಾರ ಬೇಗ ಬಾರಪ್ಪ. ಹಳೇ ಬಂಗಲೆಯವರು ಗೋಡೆ ಚೂರು ತರ್ತಾರೆ. ಅದೇ ಬಣ್ಣ ಬೇಕಂತೆ. ನಿನ್ನ ಬಿಟ್ರೆ ಯಾರ ಕೈಲೂ ಆಗಲ್ಲ" ಅಂದು ಹೊರಟರು.

ಸ್ಕೂಟರಿನ ಸದ್ದು ಅಡಗುವವರೆಗೂ ಇವರು ಅಲ್ಲೇ ನಿಂತಿದ್ದರು.

"ಯಾವ ಹಸಿರು?"

"ಪಾಚಿ."

"ಪೂರ್ತಿನಾ?"

"ಪೂರ್ತಿ."

ಮೆಟ್ಟಿಲ ಮೇಲೆ ಕುಸಿದು ಕೂತರು. ಮಾತ್ರೆ ನುಂಗುತ್ತಿದ್ದ ದಿನಗಳಲ್ಲೇ ಅವರ ಕಣ್ಣಿಗೆ ಕೆಂಪು ಮಾಸತೊಡಗಿತಂತೆ. ಆಮೇಲೆ ಕೆಂಪು, ಹಸಿರು, ಕಂದು ಎಲ್ಲ ಒಂದೇ ಕೆಸರಾಯಿತಂತೆ. ಅಂಗಡಿಯಲ್ಲಿ ಡಬ್ಬಿಯ ಚೀಟಿ ಓದಿ, ಯಂತ್ರದ ನಂಬರು ನೋಡಿ ಹೇಗೋ ದಿನ ದೂಡುತ್ತಿದ್ದರಂತೆ. ಇವತ್ತು ಮನೆಯಲ್ಲಿ, ಚೀಟಿಯೆಲ್ಲ ಬಣ್ಣ ಹತ್ತಿ ಮುಚ್ಚಿಹೋದ ಹಳೇ ಬಾಟಲಿಗಳನ್ನು ಕಣ್ಣಂದಾಜಿನಲ್ಲೇ ಸುರಿದಿದ್ದರು. "ನಮ್ಮ ಮನೆಗಾದ್ರೂ ನಾನೇ ಕಲಸಬೇಕು ಅನ್ನಿಸ್ತು ಕಣೆ" ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಜ್ವರವೆಂದು ರಜೆ ಹೇಳಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಮೇಜು ಕುಟ್ಟಿದರು. "ಈ ಮಾತ್ರೆ ಕೆಲವರ ಕಣ್ಣಿಗೆ ಆಗಿಬರಲ್ಲ, ಬಣ್ಣ ಮಾಸಿದ ಹಾಗೆ ಕಂಡ್ರೆ ಅವತ್ತೇ ಬನ್ನಿ ಅಂತ ಹೇಳಿದ್ದೆನಲ್ಲ? ಆಗಲೇ ಬಂದಿದ್ರೆ ಮಾತ್ರೆ ಬದಲಿಸ್ತಿದ್ದೆ."

"ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಲಿಲ್ಲ ಸಾರ್" ಅಂದರು ಇವರು.

ಕೆಲಸ ಉಳಿಸಿಕೊಳ್ಳಲು ಕಣ್ಣನ್ನೇ ಕೊಟ್ಟಿದ್ದರು. ಸಿಟ್ಟಿಗೆ ನನ್ನ ಮೈಯೆಲ್ಲ ಉರಿಯಿತು. ಆ ಬಡಕಲು ಕುತ್ತಿಗೆ ನೋಡಿ ಬೈಯಲು ಮನಸ್ಸು ಬರಲಿಲ್ಲ. ಇನ್ನು ಬಣ್ಣ ತಿರುಗಿ ಕಾಣುವ ಆಸೆ ಇಟ್ಟುಕೊಳ್ಳಬೇಡಿ ಅಂದರು ಡಾಕ್ಟರು.

ಮನೆಗೆ ಬಂದ ಮೇಲೆ, ಆ ಪಾಚಿಯ ಮೇಲೆ ಮಣ್ಣಿನ ಬಣ್ಣ ಹೊಡೆದುಬಿಡೋಣ ಅಂದೆ. ಇವರು ಬೇಡವೆಂದು ತಲೆಯಾಡಿಸಿದರು. "ಹಸಿರು ನಿನ್ನ ಹಟ ಅಂತ ಅವರಿಗೆ ಹೇಳಿಯಾಗಿದೆ. ಈಗ ಬದಲಿಸಿದ್ರೆ ಅನುಮಾನ ಬರುತ್ತೆ. ನಾಲ್ಕೂ ಗೋಡೆ ಹಸಿರೇ ಆಗಲಿ."

ಹಾಗಾಗಿ ಕಂಡರೆ ನನಗೆ ವಾಕರಿಕೆ ಬರುವ ಆ ಬಣ್ಣವನ್ನು ನಾನೇ ಕಲಸಲು ಕೂತೆ. ಬಕೆಟ್ಟಿಗೆ ಎಷ್ಟು ಸುರಿಯಬೇಕು, ಹೇಗೆ ತಿರುಗಿಸಬೇಕು ಅಂತ ಅವರು ಹೇಳುವರು. ಹೆಚ್ಚಾಯಿತು, ಕಡಿಮೆಯಾಯಿತು ಅಂತ ನಾನು ಹೇಳುವೆ. ಕಡ್ಡಿಯಲ್ಲಿ ತೆಗೆದು ಗೋಡೆಗೆ ಎಳೆದು ನೋಡಿದೆ.

"ಬಂತಾ?"

ಬಂದಿರಲಿಲ್ಲ. ಹಳೆಯದರ ಪಕ್ಕದಲ್ಲಿ ಹೊಸದು ಬೇರೆಯೇ ಆಗಿ ಎದ್ದು ಕಾಣುತ್ತಿತ್ತು. ಮತ್ತೆ ಹನಿಸಿದೆ, ಮತ್ತೆ ಎಳೆದೆ. ಇನ್ನೂ ಕೆಟ್ಟಿತು.

"ಬಂತು" ಅಂದೆ.

ಅವರು ಬಕೆಟ್ಟಿನ ಅಂಚು ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದರು.

"ಗುರುವಾರ ನೀನೂ ಅಂಗಡಿಗೆ ಬರ್ತೀಯಾ? ಊಟ ತಂದ ಹಾಗೆ ಬಾ. ಆ ಬಂಗಲೆಯವರು ಇರೋವರೆಗೂ ನನ್ನ ಪಕ್ಕದಲ್ಲಿ ನಿಂತಿರು. ಬಣ್ಣ ಬಂದಾಗ ಒಂದ್ಸಲ ಕೆಮ್ಮು, ಸಾಕು."

ಬರುತ್ತೇನೆ ಅಂದೆ.