ಗರಗಸದ ಕೆಳತುದಿ

ಬಾಮೈದನ ಮುಂಗೈ ಮುರಿದು ಹನ್ನೊಂದು ದಿನವಾಗಿತ್ತು. ಈ ಹನ್ನೊಂದು ದಿನದಲ್ಲಿ ಅವನು ಒಂದು ಸಲವೂ ತನ್ನನ್ನು ಬೈಯಲಿಲ್ಲ ಎಂಬುದೇ ನೂಲುಗಣ್ಣನ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗಿತ್ತು.

ನೂಲುಗಣ್ಣ ಎಂಬುದು ಊರು ಇಟ್ಟ ಹೆಸರು. ದಿಮ್ಮಿಯ ಮೇಲೆ ಮಸಿದಾರ ಮಿಡಿದು ಎಳೆದ ಗೆರೆಯಿಂದ ಅವನ ಗರಗಸ ಕೂದಲೆಳೆಯಷ್ಟೂ ಆಚೀಚೆ ಸರಿಯುತ್ತಿರಲಿಲ್ಲ. ಮನೆಯ ಹಿಂದೆ ಉದ್ದನೆಯ ಗುಂಡಿ, ಗುಂಡಿಯ ಮೇಲೆ ಅಡ್ಡತೊಲೆಗಳು, ತೊಲೆಗಳ ಮೇಲೆ ದಿಮ್ಮಿ. ಆಳುದ್ದದ ಗರಗಸದ ಮೇಲ್ತುದಿ ಹಿಡಿದು ದಿಮ್ಮಿಯ ಮೇಲೆ ನಿಲ್ಲುವವನು ಇವನು. ನಾಲ್ಕು ವರ್ಷದಿಂದ ಕೆಳತುದಿ ಹಿಡಿದು ಗುಂಡಿಯಲ್ಲಿ ನಿಲ್ಲುವವನು ಹೆಂಡತಿಯ ತಮ್ಮ. ಕೆಳಗಿನವನಿಗೆ ಕಾಣುವುದು ಗರಗಸದ ಹಲ್ಲು, ಕಣ್ಣಿಗೆ ಉದುರುವ ಹೊಟ್ಟು, ಮೇಲಿನವನ ಅಂಗಾಲು, ಇಷ್ಟೇ. ಗೆರೆ ಅವನಿಗೆ ಕಾಣುವುದಿಲ್ಲ. ಮೇಲಿನವನನ್ನು ನಂಬಿಯೇ ಎಳೆಯಬೇಕು.

ಎರಡು ಮೊಳ ಕೊಯ್ದಾದ ಮೇಲೆ ದಿಮ್ಮಿಯನ್ನು ಮುಂದಕ್ಕೆ ಜರುಗಿಸಬೇಕು. ಜರುಗಿಸುವುದಕ್ಕೆ, ದಿಮ್ಮಿ ಹೊರಳದಂತೆ ಅದನ್ನು ತೊಲೆಗೆ ಬಿಗಿಹಿಡಿದ ಕಬ್ಬಿಣದ ಕೊಕ್ಕೆಗಳನ್ನು ಕೀಳಬೇಕು, ಜರುಗಿಸಿದ ಮೇಲೆ ಮತ್ತೆ ಬಡಿಯಬೇಕು. ಬಡಿಯುವುದು ಮೇಲಿನವನ ಕೆಲಸ. ಹದಿನಾಲ್ಕು ವರ್ಷ ನೂಲುಗಣ್ಣ ಅದನ್ನು ಮರೆತಿರಲಿಲ್ಲ. ಆ ದಿನ ಮರೆತ. ಅರ್ಧ ಸೀಳಿದ ದಿಮ್ಮಿ ಮಗ್ಗುಲು ಹೊರಳಿ ಗುಂಡಿಗೆ ಜಾರಿತು. ತಲೆಗೆ ಬೀಳಬೇಕಾದದ್ದು ಅಡ್ಡ ಹಿಡಿದ ಕೈಗೆ ಬಿತ್ತು.

ಮೊದಲ ದಿನ ಎಲ್ಲವೂ ಇರಬೇಕಾದ ಹಾಗೇ ಇತ್ತು. ಹೆಂಡತಿ ಎದೆ ಬಡಿದುಕೊಂಡು, "ನಿಮ್ಮ ಕಣ್ಣು ಎಲ್ಲಿ ಮೇಯೋಕೆ ಹೋಗಿತ್ತು?" ಎಂದು ಕೂಗಾಡಿದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಬೈಸಿಕೊಂಡಷ್ಟೂ ಹಗುರವಾಯಿತು. ಮಾರನೆಯ ದಿನ ಊರ ಶಾಲೆಯ ಮೇಷ್ಟ್ರು ನೋಡಲು ಬಂದರು. ಅಲ್ಲಿಂದ ಎಲ್ಲ ಕೆಟ್ಟಿತು.

ಮೇಷ್ಟ್ರು ಕೆಟ್ಟವರಲ್ಲ. ಅಪಘಾತಕ್ಕೆ ಎರಡು ದಿನ ಮುಂಚೆ ಪುಸ್ತಕದ ಕಪಾಟಿಗೆ ಹಲಗೆ ಬೇಕೆಂದು ಹೇಳಲು ಬಂದಿದ್ದರು. ಕಂಕುಳಲ್ಲಿ ಒಂದು ದಪ್ಪ ಪುಸ್ತಕವಿತ್ತು. ಅದರಲ್ಲಿದ್ದದ್ದನ್ನು ಹೇಳಿದರು: ಬಹಳ ಹಿಂದೆ ದೂರದೇಶದಲ್ಲಿ ಒಬ್ಬ ಗಡ್ಡದ ವೈದ್ಯನಿದ್ದನಂತೆ. ಮನಸ್ಸಿನ ಅಡಿಯಲ್ಲಿ ಒಂದು ಕತ್ತಲ ನೆಲಮನೆ ಇದೆ, ನಾವು ಬೇಡವೆಂದು ತಳ್ಳಿದ್ದೆಲ್ಲ ಅಲ್ಲಿ ಉಸಿರಾಡಿಕೊಂಡೇ ಇರುತ್ತದೆ, ಕನಸಿನಲ್ಲಿ ವೇಷ ಹಾಕಿಕೊಂಡು ಮೇಲೆ ಬರುತ್ತದೆ ಎಂದು ಹೇಳಿದ್ದನಂತೆ. ನೂಲುಗಣ್ಣ ಚಹಾ ಕೊಟ್ಟು, ನಗುತ್ತ ತನ್ನದೂ ಒಂದು ಕನಸು ಹೇಳಿದ್ದ. ಕನಸಿನಲ್ಲಿ ಅವನು ದಿಮ್ಮಿ ಕೊಯ್ಯುತ್ತಿದ್ದಾನೆ. ಗರಗಸ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತಿದೆ. ಬಗ್ಗಿ ನೋಡಿದರೆ ಗುಂಡಿಯಲ್ಲಿ ಯಾರೂ ಇಲ್ಲ.

"ಆಗ ನಿನಗೆ ಭಯ ಆಯ್ತೋ, ಖುಷಿ ಆಯ್ತೋ?" ಮೇಷ್ಟ್ರು ಕೇಳಿದ್ದರು.

"ಖುಷೀನೇ ಆಯ್ತು ಮೇಷ್ಟ್ರೇ, ಅಷ್ಟು ಹಗುರ ಕೆಲಸ!"

ಮೇಷ್ಟ್ರು ಲೋಟ ಕೆಳಗಿಟ್ಟು, "ಹಾಗಾದ್ರೆ ಬಾಮೈದ ಅಲ್ಲಿ ಇರಬಾರದು ಅಂತ ನಿನ್ನ ಒಳಮನಸ್ಸಿಗೆ ಆಸೆ ಇದೆ, ಯೋಚನೆ ಮಾಡು," ಎಂದು ಹೇಳಿ ಹೊರಟುಹೋಗಿದ್ದರು.

ಅದೇ ಮೇಷ್ಟ್ರು ಹಾಸಿಗೆಯ ಪಕ್ಕ ಕೂತು ಬಾಮೈದನಿಗೆ ಸಮಾಧಾನ ಹೇಳಿದರು. "ನಿಮ್ಮ ಭಾವನ ಮೇಲೆ ಸಿಟ್ಟು ಮಾಡ್ಕೋಬೇಡಪ್ಪ. ಮರೆವು ಸುಮ್ಮನೆ ಬರೋದಲ್ಲ. ಅವನ ಒಳಗಿನದು ಅವನ ಕೈಯಿಂದ ಮಾಡಿಸಿದೆ. ಪಾಪ, ಅವನಿಗೇ ಗೊತ್ತಿಲ್ಲ." ಕನಸನ್ನೂ ಹೇಳಿಬಿಟ್ಟರು.

ಅವತ್ತಿನಿಂದ ಬಾಮೈದ ಬಾಯಿ ಮುಚ್ಚಿದ. ನೋಡುವಾಗ ಮಾತ್ರ, ಕಚ್ಚುವ ನಾಯಿ ಎಂದು ಯಾರೋ ಹೇಳಿದ ನಾಯಿಯನ್ನು ನೋಡುವ ಹಾಗೆ ನೋಡುತ್ತಿದ್ದ. ಹೆಂಡತಿಯ ಕೂಗಾಟವೂ ನಿಂತಿತು. ಬೆಳಿಗ್ಗೆ ಎದ್ದ ಕೂಡಲೇ, ಸೊಪ್ಪು ಬಿಡಿಸುತ್ತ, ಏನೂ ಇಲ್ಲವೆಂಬ ದನಿಯಲ್ಲಿ ಕೇಳುವಳು: "ರಾತ್ರಿ ಏನಾದ್ರೂ ಕನಸು ಬಿತ್ತೇನ್ರೀ?"

ಹನ್ನೊಂದನೆಯ ದಿನ ನೂಲುಗಣ್ಣ ಬಾಮೈದನ ಮಂಚದ ಹತ್ತಿರ ಹೋಗಿ, "ಕೈ ಹೇಗಿದೆಯೋ?" ಎಂದ.

"ಪರವಾಗಿಲ್ಲ ಭಾವ. ನೀವು ಮನಸ್ಸಿಗೆ ಹಚ್ಕೋಬೇಡಿ. ನಾನು ಕ್ಷಮಿಸಿದೀನಿ."

"ಏನನ್ನ ಕ್ಷಮಿಸಿದೆ?"

"ಅದೇ... ನಿಮ್ಮ ಒಳಗಿನದನ್ನ. ಅದಕ್ಕೆ ನೀವು ತಾನೇ ಏನು ಮಾಡ್ತೀರಿ? ಕೈ ವಾಸಿಯಾದ ಮೇಲೆ ನಾನು ಬೇರೆ ಕೆಲಸ ನೋಡ್ಕೋತೀನಿ. ಗುಂಡಿಗೆ ಮಾತ್ರ ಇಳಿಯಲ್ಲ."

ನೂಲುಗಣ್ಣನ ಕಿವಿ ಬಿಸಿಯಾಯಿತು. ಚಪ್ಪಲಿ ಮೆಟ್ಟದೆ, ನಡುಬಿಸಿಲಲ್ಲಿ ಮೇಷ್ಟ್ರ ಮನೆಗೆ ನಡೆದ.

ಮೇಷ್ಟ್ರು ಜಗಲಿಯಲ್ಲಿ ಓದುತ್ತಿದ್ದರು. "ಬಾರಪ್ಪ, ಕೂತ್ಕೋ," ಎಂದರು.

"ಕೂರೋಕೆ ಬಂದಿಲ್ಲ. ಆ ದಿನ ಕೊಕ್ಕೆ ಹೊಡೆಯೋ ಹೊತ್ತಲ್ಲಿ ನನ್ನ ತಲೇಲಿ ಏನಿತ್ತು ಗೊತ್ತೇ? ನಿಮ್ಮ ಮಾತು! ನನಗೆ ಅವನು ಬೇಡವಾ, ಬೇಡವಾ ಅಂತ ಎರಡು ದಿನ ಅದನ್ನೇ ಮೆಲುಕು ಹಾಕ್ತಿದ್ದೆ. ಸುತ್ತಿಗೆ ಕೈಯಲ್ಲೇ ಇತ್ತು, ಬುದ್ಧಿ ನಿಮ್ಮ ಪುಸ್ತಕದಲ್ಲಿತ್ತು."

ಮೇಷ್ಟ್ರು ಕನ್ನಡಕ ತೆಗೆದರು. "ನೋಡು, ಆ ಮಾತು ಅಷ್ಟು ನಾಟಿತು ಅಂದ್ರೆ ಅದರಲ್ಲಿ ನಿಜ ಇದೆ ಅಂತ. ಈಗ ನಿನಗೆ ಬರ್ತಿರೋ ಸಿಟ್ಟೂ ಅದನ್ನೇ ಹೇಳುತ್ತೆ."

"ಹೌದು ಅಂದ್ರೂ ನೀವೇ ಸರಿ, ಇಲ್ಲ ಅಂದ್ರೂ ನೀವೇ ಸರಿ. ಸಿಟ್ಟು ಮಾಡಿದ್ರೂ ನೀವೇ, ಸುಮ್ಮನಿದ್ರೂ ನೀವೇ! ಇದು ಯಾವ ಸೀಮೆಯ ತಕ್ಕಡಿ ಮೇಷ್ಟ್ರೇ?" ನೂಲುಗಣ್ಣ ಒಂದು ಮೆಟ್ಟಿಲು ಹತ್ತಿದ. "ಒಂದು ಹೇಳಿ. ನಿಮ್ಮ ಗಡ್ಡದ ವೈದ್ಯ ಒಂದು ಕನಸಿಗೆ ಅರ್ಥ ಹೇಳೋಕೆ ಎಷ್ಟು ದಿನ ತಗೋತಿದ್ದ?"

ಮೇಷ್ಟ್ರು ತಡವರಿಸಿದರು. "ಅದು... ರೋಗಿಯನ್ನ ಮಲಗಿಸಿ ಮಾತಾಡೋಕೆ ಬಿಡ್ತಿದ್ದ. ದಿನಾ ಕೇಳ್ತಿದ್ದ. ತಿಂಗಳುಗಟ್ಟಲೆ. ಕೆಲವರದ್ದು ವರ್ಷವೇ ಆಗಿದೆ."

"ನೀವು ನನ್ನನ್ನ ಎಷ್ಟು ಹೊತ್ತು ಕೇಳಿದ್ರಿ? ಒಂದು ಲೋಟ ಚಹಾ ಮುಗಿಯೋವರೆಗೆ! ಆಮೇಲೆ ನನಗೆ ಹೇಳಿದ್ದನ್ನ ಅವನ ಹಾಸಿಗೆ ಪಕ್ಕ ಹೋಗಿ ಸುರಿದ್ರಿ. ನನ್ನ ಕನಸು ನಿಮ್ಮಪ್ಪನ ಗಂಟೇ?"

ಮೇಷ್ಟ್ರು ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಅವರ ಮುಖ ಪೆಚ್ಚಾದದ್ದು ಕಂಡು ನೂಲುಗಣ್ಣನಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಸಿಟ್ಟು ಹಾಗೇ ಇತ್ತು. ಅದು ಹೋಗಬೇಕಾದ ಮನೆ ಇದಲ್ಲವೆಂದು ತಿಳಿದು ತಿರುಗಿ ನಡೆದ.

ಮನೆಯಲ್ಲಿ ಬಾಮೈದ ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. ಅಕ್ಕ ಎದುರಿಗೆ ಕೂತಿದ್ದಳು. ನೂಲುಗಣ್ಣ ಬಾಗಿಲಲ್ಲೇ ನಿಂತು ಶುರುಮಾಡಿದ.

"ಲೋ, ಕೇಳು. ನಿನ್ನ ಮೇಲೆ ನನಗೆ ಸಿಟ್ಟಿದೆ. ಅದಕ್ಕೆ ಕನಸೂ ಬೇಡ, ನೆಲಮನೆಯೂ ಬೇಡ. ಹಾಡುಹಗಲೇ ಇದೆ. ದಿನಾ ತಡವಾಗಿ ಬರ್ತೀಯ. ಅರ್ಧ ಎಳೆದು ಗರಗಸಕ್ಕೆ ಜೋತುಬೀಳ್ತೀಯ, ನಿನ್ನ ಭಾರವನ್ನೂ ನಾನೇ ಮೇಲೆತ್ತಬೇಕು. ಇವನ ಕಾಟ ತಪ್ಪಿದ್ರೆ ಸಾಕಪ್ಪಾ ಅಂತ ಎಚ್ಚರದಲ್ಲೇ ನೂರು ಸಲ ಅಂದ್ಕೊಂಡಿದೀನಿ. ನಿನ್ನ ತಲೆ ಮೇಲೆ ಮರ ಬೀಳಲಿ ಅಂತ ಒಂದು ಸಲವೂ ಅಂದ್ಕೊಂಡಿಲ್ಲ. ಕೊಕ್ಕೆ ಹೊಡೆಯೋದು ಮರೆತೆ. ಅದು ನನ್ನ ತಪ್ಪು. ನನ್ನ ಒಳಗಿನದ್ದಲ್ಲ, ನನ್ನದು. ಅದಕ್ಕೆ ಬೈ, ಉಗಿ, ಇನ್ನೊಂದು ಕೈ ಚೆನ್ನಾಗಿದೆಯಲ್ಲ, ಎತ್ತಿ ಹೊಡಿ. ನಾನು ಮಾಡದೇ ಇದ್ದ ತಪ್ಪಿಗೆ ಮಾತ್ರ ನನ್ನನ್ನ ಕ್ಷಮಿಸಬೇಡ! ಆ ಕ್ಷಮೆ ನನಗೆ ಬೇಡ!"

ಅಕ್ಕ "ರೀ..." ಎಂದು ಎದ್ದಳು. ಬಾಮೈದನ ಎಡಗೈ ತಟ್ಟೆಯಲ್ಲೇ ನಿಂತಿತು. ಅವನ ಮುಖ ಕೆಂಪಗಾಯಿತು, ಹನ್ನೊಂದು ದಿನದಲ್ಲಿ ಮೊದಲ ಬಾರಿ.

"ಜೋತುಬೀಳ್ತೀನಾ?" ಅವನ ದನಿ ಬಿರಿಯಿತು. "ಹೊಟ್ಟು ಕಣ್ಣಿಗೆ ತುಂಬ್ಕೊಂಡು ನಾಲ್ಕು ವರ್ಷ ಎಳೆದಿದೀನಿ, ಜೋತುಬೀಳ್ತೀನಂತೆ! ನಾನು ನಿನ್ನ ನಂಬಿ ಕೆಳಗೆ ನಿಂತಿದ್ದೆ. ಒಂದು ಕೊಕ್ಕೆ! ಒಂದು ಕೊಕ್ಕೆ ಹೊಡೆಯೋಕೆ ಆಗ್ಲಿಲ್ವಾ ನಿನಗೆ? ನಾನು ಸತ್ತಿದ್ರೆ? ಅಕ್ಕನ ಮುಖ ಹೇಗೆ ನೋಡ್ತಿದ್ದೆ, ಕಣ್ಣು ಕುರುಡಾಗಿತ್ತೇನೋ ನಿನಗೆ?"

ಭಾವನನ್ನು ಅವನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಅಕ್ಕ ಬಾಯಿಗೆ ಸೆರಗು ಹಿಡಿದಳು. ನೂಲುಗಣ್ಣ ಒಂದೊಂದು ಮಾತನ್ನೂ ಎದೆಯ ಮೇಲೆ ಹೊಡೆಸಿಕೊಳ್ಳುವವನಂತೆ ನೆಟ್ಟಗೆ ನಿಂತಿದ್ದ.

"ಇನ್ನೂ ಬೈ," ಎಂದ.

"ಬೈತೀನಿ! ಕೈ ವಾಸಿಯಾಗಲಿ, ಮೇಲೆ ನಾನು ನಿಲ್ತೀನಿ. ನೀನು ಇಳಿ ಗುಂಡಿಗೆ. ಹೊಟ್ಟು ತಿನ್ನು. ಗೊತ್ತಾಗುತ್ತೆ."

"ನಿನಗೆ ಗೆರೆ ಹಿಡಿಯೋಕೆ ಬರಲ್ಲ. ಹಲಗೆ ಹಾವು ಹರಿದ ಹಾಗೆ ಬರುತ್ತೆ."

"ಬರಲಿ. ಮೇಷ್ಟ್ರ ಕಪಾಟಿಗೆ ಅದೇ ಸಾಕು."

ನೂಲುಗಣ್ಣನಿಗೆ ನಗು ಬರಲಿಲ್ಲ, ಬಾಮೈದನಿಗೂ ಬರಲಿಲ್ಲ. ಇಬ್ಬರೂ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು.

"ಇಳೀತೀನಿ," ಎಂದ ನೂಲುಗಣ್ಣ. ತಟ್ಟೆಯ ಮುಂದೆ ಕುಕ್ಕರಿಸಿ, ಎಡಗೈಗೆ ಸಿಗದೆ ಜಾರುತ್ತಿದ್ದ ಅನ್ನವನ್ನು ತಾನೇ ಕಲಸತೊಡಗಿದ. ಬಾಮೈದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಬಿಡು. ಇವತ್ತು ನಿನ್ನ ಕೈಯಿಂದ ತಿನ್ನಲ್ಲ."

"ತಿನ್ನಬೇಡ," ಎಂದ ನೂಲುಗಣ್ಣ. ಆದರೆ ಅಲ್ಲಿಂದ ಏಳಲಿಲ್ಲ.