ರವಿವಾರ ಹತ್ತುವ ದೀಪ

೨೦೨೫ರ ಫೆಬ್ರುವರಿ ೧೭, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ವಾಡಿಯ ತಾರೀಕನ ಗ್ಯಾರೇಜಿನ ಮುಂದೆ ಕಾರು ನಿಂತಾಗ, ಕಾರಿನ ರೋಗಕ್ಕೆ ಕಾರಣವೇನೆಂದು ನಂದಕಿಶೋರ್ ಸರ್ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಆ ಕಾರಣ ಸ್ಟೇರಿಂಗ್ ಹಿಡಿದು ಕೂತಿತ್ತು. ಹೆಸರು ಭೀಮು, ಊರು ಕುರಕುಂಟಾ.

ಸೇಡಂನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸರ್, ಬರೀ ಅಂದಾಜಿನ ಮೇಲೆ ಯಾರನ್ನೂ ದೂರುವವರಲ್ಲ. ಇಂಜಿನ್ನಿನ ಹಳದಿ ದೀಪ ಮೊದಲ ಸಲ ಹತ್ತಿದಾಗಲೇ ಒಂದು ಪುಟ್ಟ ಸ್ಕ್ಯಾನರ್ ತರಿಸಿ, ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ, ಮೊಬೈಲಿನಲ್ಲಿ ಕೋಡ್ ಓದಿದ್ದರು: ಪಿ ೦೧೦೧. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರಿನ ಲೆಕ್ಕ ತಪ್ಪುತ್ತಿದೆ ಎಂದು ಅದರ ಅರ್ಥ. ಅಳಿಸಿದರು. ಮುಂದಿನ ರವಿವಾರ ಸಂಜೆ ಮತ್ತೆ ಬಂತು. ಏಳು ವಾರಗಳಲ್ಲಿ ಆರು ಸಲ ಬಂತು, ಆರೂ ಸಲ ರವಿವಾರವೇ.

ರವಿವಾರ ಭೀಮು, ಸರ್ ಅವರ ತಾಯಿ ಜಾನಕೀಬಾಯಿಯವರನ್ನು ಗುಂಡಗುರ್ತಿಯಲ್ಲಿರುವ ಅವರ ತಂಗಿಯ ಮನೆಗೆ ಕರೆದೊಯ್ದು ಸಂಜೆ ಕರೆತರುತ್ತಾನೆ. ನಡುವಿನ ಆರು ತಾಸು ಏನು ಮಾಡುತ್ತಾನೆ? ಶಹಾಬಾದಿನ ಕಲ್ಲುಗಣಿಗಳ ಕಡೆ ಕದ್ದು ಬಾಡಿಗೆ ಹೊಡೆಯುತ್ತಾನೆ, ಅಲ್ಲಿಯ ಧೂಳು ಇಂಜಿನ್ನಿಗೆ ನುಗ್ಗುತ್ತದೆ. ಸರ್ ಇದನ್ನು ನಕ್ಷೆ ಬರೆದೇ ಸಾಧಿಸಿದ್ದರು. ಇವತ್ತು ತಾರೀಕನ ಬಾಯಿಂದ ಧೂಳು ಎಂಬ ಮಾತು ಬಂದರೆ ಸಾಕು, ನಾಳೆಯಿಂದ ಭೀಮುವಿಗೆ ಕೆಲಸವಿಲ್ಲ. ಇದು ಭೀಮುವಿಗೂ ಗೊತ್ತಿತ್ತು. ಮೂರು ದಿನದಿಂದ ಸರ್ ಅವನಿಗೆ 'ಬಾರಪಾ' ಅನ್ನುವುದು ಬಿಟ್ಟು 'ಬರ್ರಿ' ಅನ್ನುತ್ತಿದ್ದರು.

ಸರ್ ಮುಂದೆ ಹಿಡಿದ ನಕ್ಷೆಯ ಕಡೆ ತಾರೀಕ ನೋಡಲಿಲ್ಲ. ಬಾನೆಟ್ ಎತ್ತಿ, ಗಾಳಿಯ ಫಿಲ್ಟರ್ ಹೊರಗೆ ತೆಗೆದು ಮೂಸಿದ.

"ಏನ್ ಭೀಮಣ್ಣ, ಬಾಣಂತಿ ಮನಿ ಇದ್ದಂಗ ವಾಸನಿ ಬರಾಕತ್ತದ."

"ನಾ ಮುಟ್ಟಿಲ್ಲೋ ಮಾರಾಯ. ಫಿಲ್ಟರ್ ಸರ್ ಅವರೇ ನೋಡ್ಕೋತಾರ. ನನ್ ಕೈಗಿ ಕೊಡಂಗಿಲ್ಲ."

"ಧೂಳ ಅದ ಇಲ್ಲ, ಅಷ್ಟು ಹೇಳು," ಎಂದರು ಸರ್.

"ಧೂಳ ಹೊರಗೇ ನಿಂತದ ಸರ್. ಒಳಗ ಹೋಗಿದ್ದು ಎಣ್ಣಿ. ಇದು ಕಾಗದದ ಫಿಲ್ಟರ್. ಇದಕ್ಕ ಎಣ್ಣಿ ಯಾರ್ ಹಚ್ಚಿದ್ರು?"

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಔಡಲೆಣ್ಣಿ ಮಂದ ಇರ್ತದ. ನಮ್ಮ ಕಡಿ ಸಿಮೆಂಟ್ ಫ್ಯಾಕ್ಟರಿ ಧೂಳ ಅದಕ್ಕ ಹತ್ಕೊಂಡು ನಿಲ್ತದ. ಭಾಳ ವಿಚಾರ ಮಾಡಿನೇ ನಾನು..."

"ಯಾವಾಗ ಹಚ್ತೀರಿ?"

"ರವಿವಾರ ಮುಂಜಾನಿ. ಇಂವ ಗಾಡಿ ಒಯ್ಯೂದಕ್ಕಿಂತ ಮೊದ್ಲು."

"ಎಷ್ಟು?"

"ಮೊದಲ ಎರಡು ಚಮಚ. ಕೋಡ್ ಬಂದಂಗ ಬಂದಂಗ ಹೆಚ್ಚು ಮಾಡಿದೆ. ಈಗ ಎಂಟು."

ತಾರೀಕ ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದ. ಒಳಗಿನ ಕೂದಲೆಳೆಯಂಥ ತಂತಿಯ ಮೇಲೆ ಎಣ್ಣೆ ಹೊಳೆಯುತ್ತಿತ್ತು. "ದೀಪ ಹತ್ತಿದ್ದು ಎಣ್ಣಿಗಿ. ನೀವು ದೀಪಕ್ಕ ಹೆದ್ರಿ ಮತ್ತ ಎಣ್ಣಿ ಹಾಕೀರಿ."

ಸರ್ ನಕ್ಷೆ ಬಿಡಿಸಿ ನೋಡಿದರು. ಧೂಳು, ದೂರ, ಭೀಮು, ಎಲ್ಲವೂ ಅದರಲ್ಲಿತ್ತು. ತಮ್ಮನ್ನು ಮಾತ್ರ ಅವರು ಎಲ್ಲಿಯೂ ಗುರುತಿಸಿರಲಿಲ್ಲ.

"ರವಿವಾರ ನಾ ಗುಂಡಗುರ್ತ್ಯಾಗ ಅಮ್ಮಾರ ತಂಗಿ ಮನಿ ಕಟ್ಟಿ ಮ್ಯಾಲ ಮಲ್ಕೋತೀನ್ರಿ," ಎಂದ ಭೀಮು, ಯಾರಿಗೂ ಅಲ್ಲ ಎಂಬಂತೆ. "ಕೇಳಿದ್ರ ಹೇಳ್ತಿದ್ದೆ."

ಗಾಳಿ ಹೇಗೆ ಸೆನ್ಸರ್ ಮುಟ್ಟುತ್ತದೆ ಎಂಬುದನ್ನು ಮುಕ್ಕಾಲು ತಾಸು ವಿವರಿಸಬಲ್ಲ ಸರ್‌ಗೆ "ತಪ್ಪು ನಂದು" ಎಂಬ ಎರಡು ಶಬ್ದ ಹೇಳಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ತಾರೀಕ ಸೆನ್ಸರಿಗೆ ಸ್ಪ್ರೇ ಹೊಡೆದು, ಒಣಗಿಸಿ, ಹೊಸ ಫಿಲ್ಟರ್ ಕೂಡಿಸಿದ್ದ.

"ನೀ ಕೆಲಸ ಬಿಡಬ್ಯಾಡ," ಎಂದರು ಸರ್.

"ಬಿಡಂಗಿಲ್ರಿ. ಆದ್ರ ಇನ್ ಮ್ಯಾಲ ಫಿಲ್ಟರ್ ನಾನೇ ನೋಡ್ಕೋತೀನಿ."

ಸರ್ 'ಆಗ್ಲಿ' ಎಂದು ನಕ್ಷೆ ಮಡಚಿದರು. ಭೀಮು ಚಾವಿ ತಿರುಗಿಸಿದ. ಮೊಬೈಲಿನಲ್ಲಿ ಕೋಡ್ ಇರಲಿಲ್ಲ. ಇಂಜಿನ್ ಚಾಲೂ ಇಟ್ಟು ನಿಂತ ಗಾಡಿಯಲ್ಲಿ ಗಾಳಿಯ ಹರಿವು ಸೆಕೆಂಡಿಗೆ ೫.೮ ಗ್ರಾಂ, ಇರಬೇಕಾದಷ್ಟೇ.